ಯಜಮಾನ ಊರಲ್ಲಿಲ್ಲದ ಮನೆಗಳ ಪಟ್ಟಿ

ಆ ಪ್ರಶ್ನೆಯನ್ನು ಬರೆದವಳು ನಾನೇ. ‘ನಿಮ್ಮ ಮನೆಯ ಮುಖ್ಯಸ್ಥರು ಯಾರು?’ ಫಾರಮ್ಮಿನಲ್ಲಿ ಅದು ಮೂರನೆಯದು, ಹೆಸರು ಮತ್ತು ಊರು ಕೇಳಿದ ಮೇಲೆ ಬರುತ್ತಿತ್ತು. ಬರೆಯಲು ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಅದರಿಂದಾದ ಎಡವಟ್ಟನ್ನು ಸರಿಮಾಡಲು ಮೂರು ತಿಂಗಳು ಹಿಡಿಯಿತು.

ಅದು ೨೦೨೦ರ ಆಗಸ್ಟ್. ಲಾಸ್ ಏಂಜಲೀಸಿನ ದಕ್ಷಿಣಕ್ಕೆ, ಟೊರ್ರಿ ಪೈನ್ಸ್‌ನಲ್ಲಿದ್ದ ನಮ್ಮ ಆಫೀಸಿಗೆ ಬೀಗ ಬಿದ್ದು ಐದು ತಿಂಗಳಾಗಿತ್ತು. ರ್ಯಾಂಚೊ ಪೆನಾಸ್ಕಿಟೋಸ್‌ನ ನಮ್ಮ ಮನೆಯ ಊಟದ ಮೇಜೇ ನನ್ನ ಆಫೀಸು. ಮೇಜಿನ ಒಂದು ತುದಿಯಲ್ಲಿ ನನ್ನ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ನಮ್ಮತ್ತೆಯ ತರಕಾರಿ ಹಲಗೆ. ಅತ್ತೆ ಉಡುಪಿ ಕಡೆಯವರು. ಫೆಬ್ರವರಿಯಲ್ಲಿ ಎರಡು ತಿಂಗಳಿಗೆಂದು ಬಂದವರು ವಿಮಾನ ನಿಂತುಹೋಗಿ ಇಲ್ಲೇ ಉಳಿದಿದ್ದರು. ನಾನು ಬೆಂಗಳೂರಿನವಳು, ತುಳು ಬರುವುದಿಲ್ಲ. ಹಾಗಾಗಿ ಅವರದ್ದು ಮಗನ, ಅಂದರೆ ನನ್ನ ಗಂಡನ ಜೊತೆ ತುಳು, ನನ್ನ ಜೊತೆ ಕನ್ನಡ. ಮಗ ಮಹಡಿಯಲ್ಲಿ ತನ್ನ ಟೆಲಿಕಾಂ ಕಂಪನಿಯ ಮೀಟಿಂಗಿನಲ್ಲಿ, ಮೊಮ್ಮಗಳು ಕೋಣೆಯಲ್ಲಿ ಐದನೇ ಕ್ಲಾಸಿನ ಝೂಮ್‌ನಲ್ಲಿ ಇರುತ್ತಿದ್ದರು. ಹಗಲಿಡೀ ಎದುರುಬದುರು ಕೂತವರು ನಾವಿಬ್ಬರೇ.

ನನ್ನ ಕೆಲಸ ಹೀಗಿತ್ತು. ಆಫ್ರಿಕಾದ ಮಲಾವಿ ದೇಶದ ದಕ್ಷಿಣದಲ್ಲಿ ಕೆಲವು ಹಳ್ಳಿಗಳ ರೈತ ಮನೆಗಳಿಗೆ ಮೆಕ್ಕೆಜೋಳದ ಬೀಜ, ಗೊಬ್ಬರ ಕೊಡುವ ಒಂದು ಸಣ್ಣ ಯೋಜನೆ. ಬೀಜವನ್ನು ಯಾರೂ ಮನೆಗೆ ಹೊತ್ತು ತಂದು ಕೊಡುವುದಿಲ್ಲ. ಫೋನಿಗೆ ಆರು ಅಂಕಿಯ ಕೋಡ್ ಬರುತ್ತದೆ. ಅದನ್ನು ಸಂತೆಯೂರಿನ ಬೀಜದ ಅಂಗಡಿಯಲ್ಲಿ ತೋರಿಸಿದರೆ ಚೀಲ ಕೈಗೆ ಸಿಗುತ್ತದೆ. ಯಾವ ಮನೆ, ಯಾವ ನಂಬರ್ ಎಂಬ ಪಟ್ಟಿ ತಯಾರಿಸುವುದು ನನ್ನ ಪಾಲು. ಬೇರೆ ವರ್ಷಗಳಲ್ಲಾದರೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದರು. ಆ ವರ್ಷ ಕೊರೊನಾ. ಎಂಟು ಜನ ಅಲ್ಲಿ ತಮ್ಮ ತಮ್ಮ ಮನೆಯಲ್ಲೇ ಕೂತು ಹಳ್ಳಿಗಳಿಗೆ ಫೋನ್ ಮಾಡಿ ಕೇಳುತ್ತಿದ್ದರು.

ಆ ಎಂಟು ಜನರನ್ನು ನೋಡಿಕೊಳ್ಳಲು ಅಲ್ಲಿಯವರೇ ಒಬ್ಬ ಸೂಪರ್‌ವೈಸರ್ ಇದ್ದರು, ನನ್ನಷ್ಟೇ ವಯಸ್ಸಿನ ಹೆಂಗಸು. ಅವರ ಮಧ್ಯಾಹ್ನ ಮೂರೂವರೆ ನಮಗೆ ಬೆಳಗ್ಗೆ ಆರೂವರೆ. ದಿನಾ ಆ ಹೊತ್ತಿಗೆ ನಮ್ಮಿಬ್ಬರ ಕಾಲ್. ಮಾತು ಇಂಗ್ಲಿಷಿನಲ್ಲೇ ನಡೆಯುತ್ತಿತ್ತು, ನನ್ನ ಕಿವಿಗೆ ಬಿದ್ದ ಧಾಟಿಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾಲಮಿತಿ ಇಟ್ಟವರು ನಾವಲ್ಲ, ಮಳೆ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಅಲ್ಲಿ ಮೊದಲ ಹದಮಳೆ ಬೀಳುತ್ತದೆ. ಅಷ್ಟರೊಳಗೆ ಬೀಜ ಕೈಯಲ್ಲಿರಬೇಕು. ನೀರಾವರಿ ಇಲ್ಲದ ಹೊಲಕ್ಕೆ ವರ್ಷಕ್ಕೊಂದೇ ಬೆಳೆ. ಆ ಮಳೆಗೆ ಬಿತ್ತದವರ ಮನೆಯಲ್ಲಿ ಮುಂದಿನ ವರ್ಷ ಊಟ ಕಡಿಮೆಯಾಗುತ್ತದೆ.

ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆ ನಮ್ಮ ಮೇಲೆ ಕವಿದು ಕಿಟಕಿ ತೆಗೆಯಲಾಗದ ಒಂದು ವಾರ, ನಾನು ಪಟ್ಟಿಯ ಮೊದಲ ಕರಡು ತೆಗೆದೆ. ಕಂಪ್ಯೂಟರಿಗೆ ನಾನು ಹೇಳಿಕೊಟ್ಟಿದ್ದ ನಿಯಮ ಸರಳ. ಮನೆಗೊಂದು ನಂಬರ್. ಮುಖ್ಯಸ್ಥರ ನಂಬರ್ ಇದ್ದರೆ ಅದು, ಇಲ್ಲದಿದ್ದರೆ ಫೋನ್ ಎತ್ತಿದವರದ್ದು. ಮಲಾವಿ ದೇಶದ ಫೋನ್ ಕೋಡಿನಿಂದ ಶುರುವಾಗದ ನಂಬರ್ ಬಂದರೆ ‘ಅಮಾನ್ಯ’, ಆ ಮನೆ ಪಟ್ಟಿಯಿಂದ ಹೊರಗೆ. ಹಾಗೆ ಹೊರಗೆ ಬಿದ್ದ ಮನೆಗಳನ್ನು ನೋಡುತ್ತಾ ಹೋದೆ. ಸ್ಕ್ರೋಲ್ ಮಾಡಿದಷ್ಟೂ ಮುಗಿಯಲೇ ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮಾರನೆಯ ಬೆಳಗ್ಗೆ ಸೂಪರ್‌ವೈಸರ್‌ಗೆ ಸರಿಯಾಗಿ ಕ್ಲಾಸ್ ತೆಗೆದುಕೊಂಡೆ. ನಿಮ್ಮವರಿಗೆ ಹತ್ತು ಅಂಕಿ ನೋಡಿ ಟೈಪ್ ಮಾಡಲು ಬರುವುದಿಲ್ಲವೇ, ಟ್ರೈನಿಂಗ್ ಕೊಟ್ಟಿದ್ದು ಯಾಕೆ, ಹೀಗಾದರೆ ನಾನು ಯಾರಿಗೆ ಅಂತ ಉತ್ತರ ಕೊಡಲಿ ಎಂದೆಲ್ಲ ಕೂಗಾಡಿದೆ. ಅವರು ನಡುವೆ ಬಾಯಿ ಹಾಕಲಿಲ್ಲ.

“ಮೇಡಂ, ಅವು ತಪ್ಪು ನಂಬರ್ ಅಲ್ಲ,” ಎಂದರು ಆಮೇಲೆ. “ಅವು ದಕ್ಷಿಣ ಆಫ್ರಿಕಾದ ನಂಬರ್‌ಗಳು. ಮನೆಯ ಮುಖ್ಯಸ್ಥ ಯಾರು ಅಂತ ನೀವು ಕೇಳಿದಿರಿ. ಗಂಡ ಅಂತ ಹೆಂಡತಿ ಹೇಳಿದಳು. ಅವನ ನಂಬರ್ ಕೊಡಿ ಅಂತ ಕೇಳಿದಿರಿ, ಕೊಟ್ಟಳು. ಅವನು ಜೋಹಾನ್ಸ್‌ಬರ್ಗಿನಲ್ಲಿದ್ದಾನೆ. ಗಣಿಯಲ್ಲೋ, ಯಾರದೋ ಮನೆಯ ತೋಟದಲ್ಲೋ ಕೆಲಸಕ್ಕಿದ್ದಾನೆ. ಇದರಲ್ಲಿ ನಮ್ಮ ಹುಡುಗಿಯರದ್ದು ತಪ್ಪೇನಿದೆ?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನಿಯಮ ಮಾಡಿದ್ದೇನು ಎಂದು ಆಗ ಕಣ್ಣಿಗೆ ಕಟ್ಟಿತು. ಗಂಡ ದೂರ ದೇಶಕ್ಕೆ ಹೋಗಿ, ಗುದ್ದಲಿ ಹಿಡಿದು ಹೊಲ ಅಗೆಯುವುದರಿಂದ ಹಿಡಿದು ಕಾಳು ಕಣಜಕ್ಕೆ ಹಾಕುವ ತನಕ ಒಬ್ಬಳೇ ಮಾಡುವ ಹೆಂಗಸಿನ ಮನೆಯನ್ನು ಹುಡುಕಿ ಹುಡುಕಿ ಹೊರಗೆ ಹಾಕಿತ್ತು. ಗಂಡ ಅದೇ ದೇಶದ ಪಟ್ಟಣದಲ್ಲಿದ್ದರೆ ಕೋಡು ಪಟ್ಟಣದಲ್ಲಿದ್ದ ಅವನ ಫೋನಿಗೆ ಹೋಗುತ್ತಿತ್ತು. ಬೀಜ ಯಾರಿಗೆ ಬೇಕಿತ್ತೋ ಅವರಿಗೇ ಇಲ್ಲ. ನಾನು ಸೂಪರ್‌ವೈಸರ್‌ಗೆ ಕ್ಷಮೆ ಕೇಳಿದೆ. ಅವರು, “ಪರವಾಗಿಲ್ಲ ಮೇಡಂ, ಇನ್ನೂ ಸಮಯ ಇದೆ,” ಎಂದರು. ಬೈದಿದ್ದರೆ ವಾಸಿಯಿತ್ತು.

ಸಮಯವೇನೋ ಇತ್ತು, ದಾರಿ ಗೊತ್ತಿರಲಿಲ್ಲ. ಯೋಜನೆಯ ಒಪ್ಪಂದದಲ್ಲೇ ಕೋಡು ಮುಖ್ಯಸ್ಥರಿಗೆ ಹೋಗಬೇಕು ಎಂದಿತ್ತು. ಸರಿ, ಆ ಹೆಂಗಸರಿಗೆ ಮತ್ತೆ ಫೋನ್ ಮಾಡಿ, ಗಂಡ ಮನೆಯಲ್ಲಿಲ್ಲದಿರುವಾಗ ಮನೆಯ ಮುಖ್ಯಸ್ಥೆ ನೀವೇ ಅಲ್ಲವೇ ಎಂದು ಕೇಳೋಣ, ಹೌದೆಂದರೆ ಮುಗಿಯಿತು ಎಂದುಕೊಂಡೆ. ಒಂದು ವಾರ ಎಂಟೂ ಜನ ಅದನ್ನೇ ಕೇಳಿದರು. ಒಬ್ಬಳಾದರೂ ಹೌದು ಅನ್ನಬೇಡವೇ? ಇಲ್ಲ, ನನ್ನ ಗಂಡ. ಇಲ್ಲ, ಅವರೇ. ಒಬ್ಬಾಕೆಯಂತೂ ಕೇಳಿದವಳಿಗೆ ಬೈದು ಫೋನ್ ಇಟ್ಟುಬಿಟ್ಟಳು.

ರೆಕಾರ್ಡಿಂಗ್‌ಗಳಲ್ಲಿ ಕೆಲವನ್ನು ಕೇಳಿ ಪರೀಕ್ಷಿಸುವುದು ನನ್ನ ಕೆಲಸದ ಭಾಗ. ಭಾಷೆ ತಿಳಿಯದು, ಪಕ್ಕದಲ್ಲಿ ಅನುವಾದ ಇಟ್ಟುಕೊಂಡು ಕೇಳುತ್ತಿದ್ದೆ. ಇಯರ್‌ಫೋನ್ ಹಾಕಿಕೊಂಡೇ ಕೇಳಬೇಕು ಎಂಬುದು ನಿಯಮ. ಆ ದಿನ ನನ್ನದನ್ನು ಮಗಳು ಒಯ್ದಿದ್ದಳು. ಕೊಡೇ ಎಂದರೆ “ಅಮ್ಮಾ, ಐ ಹ್ಯಾವ್ ಮ್ಯಾಥ್!” ಎಂದು ಬಾಗಿಲು ಹಾಕಿಕೊಂಡಳು. ಎರಡು ನಿಮಿಷದ ರೆಕಾರ್ಡಿಂಗ್ ತಾನೇ ಎಂದು ಸ್ಪೀಕರಿನಲ್ಲೇ ಹಾಕಿದೆ. ತಪ್ಪು ಮಾಡಿದೆ, ಆಮೇಲೆ ಸೂಪರ್‌ವೈಸರ್ ಹತ್ತಿರ ಒಪ್ಪಿಕೊಂಡೆ ಕೂಡ.

ಒಂದು ಹೆಣ್ಣುದನಿ. ಹಿಂದೆ ಕೋಳಿಗಳ ಕೊಕ್ಕೊಕ್ಕೋ. ಪ್ರಶ್ನೆ ಕೇಳಿದ ಕೂಡಲೇ ಆ ದನಿ ಸಣ್ಣಗಾಯಿತು. ಏನೋ ಎರಡೇ ಮಾತು ಹೇಳಿ ನಿಂತಿತು.

ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದವರು ಕೈ ನಿಲ್ಲಿಸಿದರು. “ಎಂತ ಕೇಳಿದ್ದು ಅವಳ ಹತ್ರ? ಪಾಪ, ಹೆದರಿದ ಹಾಗೆ ಉಂಟು.”

“ಮನೆ ಯಜಮಾನಿ ನೀನೇ ತಾನೆ ಅಂತ ಕೇಳಿದ್ದು ಅತ್ತೆ. ಹೌದು ಅಂದ್ರೆ ಬೀಜ ಸಿಗತ್ತೆ. ಎಲ್ಲಾ ಕೆಲಸ ಇವಳೇ ಮಾಡ್ತಾಳೆ, ಹೊಲಾನೂ ಇವಳ ತಾಯಿ ಕಡೆಯಿಂದ ಬಂದಿದ್ದು. ಅಲ್ಲೆಲ್ಲ ಹೊಲ ಹೆಣ್ಣುಮಕ್ಕಳಿಗೇ ಬರತ್ತಂತೆ, ಗಂಡನೇ ಬಂದು ಸೇರ್ಕೊಳ್ಳೋದಂತೆ. ಆದ್ರೂ ಗಂಡನೇ ಯಜಮಾನ ಅಂತಾಳೆ. ಏನ್ ಹೇಳ್ಬೇಕು ಇವ್ರಿಗೆ?”

“ಗಂಡ ಎಲ್ಲಿದ್ದಾನೆ?”

“ಬೇರೆ ದೇಶದಲ್ಲಿ, ಕೆಲಸಕ್ಕೆ. ಮೂರು ವರ್ಷ ಆಯ್ತಂತೆ.”

“ಬದುಕಿದ್ದಾನಲ್ಲಾ?”

“ಇದ್ದಾನೆ, ಇದ್ದಾನೆ.”

“ಮತ್ತೆ ಅವಳು ಹೇಗೆ ಹೌದು ಹೇಳುದು ಮಾರಾಯ್ತಿ?” ಅತ್ತೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ಗಂಡ ಇರುವಾಗ ಯಜಮಾನಿ ನಾನು ಅಂತ ಬಾಯಿಬಿಟ್ಟು ಹೇಳಿದ್ರೆ ಅವ ಹೋದ ಅಂತ ಹೇಳಿದ ಹಾಗೆ ಆಗ್ತದೆ. ಯಾರಿಗಾದ್ರೂ ಬಾಯಿ ಬರ್ತದಾ? ನಾನಾದ್ರೂ ಹೇಳ್ತಿರ್ಲಿಲ್ಲ. ನಾನು ಹೇಳಲೂ ಇಲ್ಲ.”

ಆಗ ಬಂತು ಅವರ ಕತೆ. ಮದುವೆಯಾಗಿ ಹನ್ನೆರಡು ವರ್ಷ ಈ ಮನೆಯಲ್ಲಿ ಸೊಸೆಯಾಗಿದ್ದೇನೆ, ನನಗೆ ಗೊತ್ತಿರಲಿಲ್ಲ. ಮಾವ ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಇದ್ದರು ಎಂಬುದಷ್ಟೇ ಗೊತ್ತಿತ್ತು. ಅಷ್ಟೂ ವರ್ಷ ಅತ್ತೆ ತಮ್ಮ ತಾಯಿಯ ಮನೆಯಲ್ಲೇ ಇದ್ದು ಗದ್ದೆ ಮಾಡಿಸಿದರು. ಅವರದ್ದೂ ಅಳಿಯಕಟ್ಟಿನ ಮನೆತನ, ಆಸ್ತಿ ತಾಯಿಯಿಂದ ಮಗಳಿಗೆ. ಆಳುಗಳನ್ನು ಕರೆಯುವುದು, ನೇಜಿ, ಅಂದರೆ ಭತ್ತದ ಸಸಿ ನೆಡಿಸುವುದು, ಕೊಯ್ಲು ಮುಗಿದ ಮೇಲೆ ಬೀಜದ ಭತ್ತವನ್ನು ಹುಲ್ಲಿನ ಮುಡಿ ಕಟ್ಟಿ ಅಟ್ಟಕ್ಕೇರಿಸುವುದು ಎಲ್ಲ ಅವರದ್ದೇ. ಊರಿನ ಲೆಕ್ಕ ಬರೆಯುವ ಶಾನುಭೋಗರು ಬಂದು ಯಜಮಾನರು ಯಾರಮ್ಮ ಎಂದು ಕೇಳಿದಾಗ ಮಾತ್ರ ಬಾಗಿಲ ಹಿಂದೆ ನಿಂತು “ಅವರೇ” ಎನ್ನುತ್ತಿದ್ದರಂತೆ.

“ಹಾಗಾದ್ರೆ ಮಾವನನ್ನ ಕೇಳದೇ ಎಲ್ಲಾ ನೀವೇ ಮಾಡ್ತಿದ್ರಾ?” ಎಂದೆ.

“ಕೇಳದೇ ಎಂತಕ್ಕೆ? ಕೇಳ್ತಿದ್ದೆ ಮಾರಾಯ್ತಿ. ಕಾಗದ ಬರೀತಿದ್ದೆ. ಬೊಂಬಾಯಿಗೆ ಕಾಗದ ಹೋಗಿ ಬರ್ಲಿಕ್ಕೆ ಹದಿನೈದು ದಿನ. ಮಳೆ ಕಾಯ್ತದಾ? ಬಿತ್ತಿ ಆದ ಮೇಲೆ, ‘ಈ ವರ್ಷ ಬಿತ್ತಬಹುದಾ’ ಅಂತ ಬರೀತಿದ್ದೆ. ಅವರು ‘ಬಿತ್ತು’ ಅಂತ ಉತ್ತರ ಹಾಕ್ತಿದ್ರು. ಅಷ್ಟೊತ್ತಿಗೆ ನೇಜಿ ಇಷ್ಟುದ್ದ ಬಂದಿರ್ತಿತ್ತು.” ಬೀನ್ಸಿನ ಮೇಲೆ ಗೇಣು ಹಿಡಿದು ತೋರಿಸಿದರು. “ಅವರಿಗೂ ಗೊತ್ತಿತ್ತು. ಆದ್ರೂ ಬರೀತಿದ್ರು. ಅಷ್ಟು ದೂರದಲ್ಲಿ ತಟ್ಟೆ ಲೋಟ ಎತ್ತುವವರಿಗೆ ಊರಲ್ಲಿ ನನ್ನ ಗದ್ದೆ ಉಂಟು, ನನ್ನ ಮಾತು ನಡೀತದೆ ಅಂತ ಇರ್ಬೇಕಲ್ಲಾ?”

ದೀಪದ ಕೆಳಗೇ ಕತ್ತಲೆ ಅನ್ನುವುದು ಇದಕ್ಕೇ. ನಾನು ಅವರ ಕೈಗಳನ್ನು ನೋಡುತ್ತಾ ಕೂತೆ. ದಿನಾ ನೋಡುವ ಕೈಗಳೇ. ಅವರ ಮೇಲೆ ಅಷ್ಟು ಪ್ರೀತಿ ನನಗೆ ಆವರೆಗೆ ಬಂದಿರಲಿಲ್ಲ.

“ಯಜಮಾನಿಯಾ ಅಂತ ಕೇಳ್ಬೇಡಿ,” ಎಂದರು ಅತ್ತೆ, ಮತ್ತೆ ನಾರು ತೆಗೆಯುತ್ತಾ. “ಬೀಜದ ಮುಡಿ ಬಿಚ್ಚುದು ಯಾರು ಅಂತ ಕೇಳಿ. ಅದಕ್ಕೆ ಯಾರೂ ಸುಳ್ಳು ಹೇಳ್ಲಿಕ್ಕಿಲ್ಲ.”

ಮಾರನೆಯ ಬೆಳಗ್ಗೆ ಇದನ್ನು ಸೂಪರ್‌ವೈಸರ್‌ಗೆ ಹೇಳಿದೆ. ಅವರು ನಕ್ಕು, ತಮ್ಮಲ್ಲಿ ಬೀಜದ ತೆನೆಗಳನ್ನು ಅಡುಗೆಮನೆಯಲ್ಲಿ ಒಲೆಯ ಮೇಲೆ ಹೊಗೆ ತಾಗುವಂತೆ ತೂಗುಹಾಕುತ್ತಾರೆ, ಹುಳ ಬೀಳಬಾರದು ಅಂತ, ಎಂದರು. ಆ ತೆನೆಗೆ ಮನೆಯ ಹೆಂಗಸು ಬಿಟ್ಟು ಬೇರೆ ಯಾರೂ ಕೈ ಹಾಕುವುದಿಲ್ಲವಂತೆ. “ನನ್ನ ತಾಯಿಯೂ ಹಾಗೇ ಮೇಡಂ. ಅಪ್ಪ ಹೋಗಿ ಎಷ್ಟೋ ವರ್ಷ ಬರಲಿಲ್ಲ. ಯಾರು ಕೇಳಿದರೂ ಇದು ಅವರ ಮನೆ ಅನ್ನುತ್ತಿದ್ದಳು.” ಅಷ್ಟು ದಿನದಲ್ಲಿ ಅವರು ತಮ್ಮ ಮನೆಯ ಮಾತು ಆಡಿದ್ದು ಅದೇ ಮೊದಲು.

ಇಬ್ಬರೂ ಕೂತು ಹೊಸ ಪ್ರಶ್ನೆಗಳನ್ನು ಬರೆದೆವು. ಒಲೆಯ ಮೇಲಿನ ಬೀಜದ ತೆನೆ ಇಳಿಸುವವರು ಯಾರು? ಮಳೆ ಬಿದ್ದಾಗ ಇವತ್ತು ಬಿತ್ತೋಣ ಎನ್ನುವವರು ಯಾರು? ಬೀಜದ ಕೋಡು ಯಾವ ಫೋನಿಗೆ ಬಂದರೆ ನಿಮಗೆ ಅನುಕೂಲ? ಮೊದಲು ಹತ್ತು ಮನೆಗೆ ಮಾತ್ರ ಫೋನ್ ಮಾಡಿ ನೋಡಿದೆವು. ಹತ್ತೂ ಮನೆಯಲ್ಲಿ ಉತ್ತರ ತಡವರಿಸದೆ ಬಂತು. ನಾನು. ನಾನೇ. ಮತ್ಯಾರು, ನಾನು. ಕೋಳಿ ಸದ್ದಿನ ಮನೆಯವಳೂ ಅವರಲ್ಲಿ ಒಬ್ಬಳು. ಅವಳು ಕೊನೆಯಲ್ಲಿ ಒಂದು ಮಾತು ಸೇರಿಸಿದಳು: ಕೋಡು ನನಗೆ ಬರಲಿ, ಆದರೆ ಬೀಜ ಬಂತು ಅಂತ ಅವರಿಗೂ ಒಂದು ಸುದ್ದಿ ಕಳಿಸಿ, ಅವರಿಗೆ ಗೊತ್ತಿಲ್ಲದೆ ಮನೆಗೆ ಏನೂ ಬರಬಾರದು.

ಅನುವಾದದಲ್ಲಿ ಆ ಸಾಲು ಓದಿ ನನಗೆ ಹೊಳೆಯಿತು. ಎರಡು ಸಂದೇಶ ಕಳಿಸಬೇಕು. ಬೀಜ ತರುವ ಕೋಡು ಹೆಂಗಸಿಗೆ. ಕೋಡಿಲ್ಲದ ಸುದ್ದಿ ಗಂಡಸಿಗೆ, ಅವನು ಎಲ್ಲೇ ಇರಲಿ: ನಿಮ್ಮ ಮನೆಗೆ ಬೀಜ ಮಂಜೂರಾಗಿದೆ. ಯಾರು ಯಜಮಾನ ಎಂಬುದನ್ನು ಇತ್ಯರ್ಥ ಮಾಡುವ ಉಸಾಬರಿ ನಮಗೆ ಬೇಡ. ಸೂಪರ್‌ವೈಸರ್ ಒಂದು ಷರತ್ತು ಹಾಕಿದರು. ಎಲ್ಲ ಗಂಡಸರೂ ಒಂದೇ ಥರ ಇರುವುದಿಲ್ಲ, ಸುದ್ದಿ ಕಳಿಸಬಹುದೇ ಎಂದು ಪ್ರತಿಯೊಬ್ಬಳನ್ನೂ ಕೇಳಿ, ಬೇಡ ಅಂದರೆ ಕಳಿಸಬಾರದು. ಅದು ನನಗೆ ಹೊಳೆದಿರಲಿಲ್ಲ. ಬೇಡ ಅಂದವರೂ ಇದ್ದರು.

ನನ್ನ ಮೇಲಧಿಕಾರಿ ಒಪ್ಪಿದರು. ತಂತ್ರಾಂಶದವರು ಒಪ್ಪಿದರೆ ಒಪ್ಪಂದದ ತಿದ್ದುಪಡಿಗೆ ಸಹಿ ಹಾಕುತ್ತೇನೆ ಎಂದರು. ತಂತ್ರಾಂಶದವರು ಎಂದರೆ ಒಬ್ಬರೇ. ವಿಮಾನ, ಉಪಗ್ರಹಗಳ ಕಂಪನಿಯಲ್ಲಿ ಜೀವಮಾನ ಕಳೆದು ನಿವೃತ್ತರಾದ ಎಂಜಿನಿಯರ್. ಕೋಡು ಕಳಿಸುವ ಪ್ರೋಗ್ರಾಂ ಅನ್ನು ಪುಕ್ಕಟೆ ಬರೆದುಕೊಟ್ಟವರು. ಅವರ ಪ್ರಕಾರ ಪಟ್ಟಿ ಅಕ್ಟೋಬರ್ ಮಧ್ಯಕ್ಕೆ ಲಾಕ್ ಆಗಿತ್ತು. ಲಾಕ್ ಆದ ಮೇಲೆ ಬದಲಾವಣೆ ಇಲ್ಲ. ನಾನು ಮೂರು ಇಮೇಲ್ ಬರೆದೆ. ಮೂರಕ್ಕೂ ಒಂದೇ ಸಾಲಿನ ಉತ್ತರ: ‘ಮುಂದಿನ ವರ್ಷ ನೋಡೋಣ.’ ಮುಂದಿನ ವರ್ಷದ ಹೊತ್ತಿಗೆ ಕೋಳಿ ಸದ್ದಿನ ಮನೆಯ ಮಕ್ಕಳು ಏನು ತಿನ್ನಬೇಕು?

ಇಮೇಲಿಗೆ ಬಗ್ಗುವ ಆಸಾಮಿಯಲ್ಲ, ಎದುರೇ ಹೋಗಿ ಮಾತಾಡುತ್ತೇನೆ ಎಂದು ಹೊರಟೆ. ಅವರಿದ್ದದ್ದು ಲಾಸ್ ಏಂಜಲೀಸ್ ಪಕ್ಕದ ರೆಡೊಂಡೊ ಬೀಚ್‌ನಲ್ಲಿ. ಏಳು ತಿಂಗಳಿಂದ ಮನೆ ಬಿಟ್ಟು ಕದಲದ ಅತ್ತೆಯನ್ನೂ ಕಾರಿನಲ್ಲಿ ಕೂರಿಸಿಕೊಂಡೆ. ಫ್ರೀವೇ ಖಾಲಿ, ಎರಡು ಗಂಟೆಯೂ ಹಿಡಿಯಲಿಲ್ಲ. ಕಡಲ ಎದುರಿನ ಕಾಲುದಾರಿಯಲ್ಲಿ ಮಾಸ್ಕ್ ಹಾಕಿಕೊಂಡು ಆರಡಿ ದೂರ ನಿಂತು ನಮ್ಮ ಮೀಟಿಂಗ್ ನಡೆಯಿತು. ಅತ್ತೆ ಬೆಂಚಿನ ಮೇಲೆ ಕೂತು, “ಇಲ್ಲಿಯೂ ಸೂರ್ಯ ಕಡಲಿಗೇ ಮುಳುಗುದಲ್ಲಾ, ನಮ್ಮಲ್ಲಿಯ ಹಾಗೇ,” ಎಂದು ಖುಷಿಪಟ್ಟರು.

ಎಂಜಿನಿಯರ್ ಖುಷಿಯಲ್ಲಿರಲಿಲ್ಲ. “ಲಾಕ್ ಅಂದರೆ ಲಾಕ್. ಕೊನೆಯ ಗಳಿಗೆಯಲ್ಲಿ ಒಂದು ಅಂಕಿ ತಿದ್ದಿ ಉಪಗ್ರಹ ಕಳಕೊಂಡವರನ್ನು ನಾನು ನೋಡಿದ್ದೇನೆ. ನೀವು ನೂರಾರು ನಂಬರ್ ತಿದ್ದುತ್ತೀರಿ. ಒಂದು ತಪ್ಪಾದರೆ ಯಾರದೋ ಬೀಜ ಇನ್ಯಾರಿಗೋ ಹೋಗುತ್ತದೆ. ಆಮೇಲೆ ಆ ಊರಿನಲ್ಲಿ ಮುಖ ಎತ್ತಿ ಓಡಾಡುವವರು ಯಾರು? ನೀವಾ?”

ಮಾತು ನ್ಯಾಯವಾಗಿತ್ತು. ಕಂಪ್ಯೂಟರಿನ ಬಗ್ಗೆ ವಾದ ಮಾಡಿ ಗೆಲ್ಲುವ ಶಕ್ತಿ ನನಗಿರಲಿಲ್ಲ. ಆದದ್ದನ್ನೆಲ್ಲ ಬಿಡದೆ ಹೇಳಿದೆ. ನಾನು ಬರೆದ ಪ್ರಶ್ನೆ, ಹೊರಗೆ ಬಿದ್ದ ಮನೆಗಳು, ಬಾಗಿಲ ಹಿಂದೆ ನಿಂತ ಅತ್ತೆ, ಬಿತ್ತಿ ಆದ ಮೇಲೆ ಬರೆದ ಕಾಗದ. ಅವರು ಬೆಂಚಿನ ಕಡೆ ನೋಡಿದರು. ಅತ್ತೆ ಏನು ನಡೆಯುತ್ತಿದೆಯೆಂದು ತಿಳಿಯದೆ ಅವರಿಗೆ ಕೈ ಮುಗಿದರು.

“ಆ ಗಂಡಸಿಗೆ ಹೋಗುವುದು ಬರೀ ಸುದ್ದಿ. ಅದರಿಂದ ಅವನು ಏನೂ ತೆಗೆದುಕೊಳ್ಳಲಾಗದು. ಹೌದಾ?” ಎಂದು ಎಂಜಿನಿಯರ್ ಕೇಳಿದರು.

“ಹೌದು.”

“ಕೆಲಸ ಮಾಡಿಸುವ ಸಂದೇಶ ಒಂದು ದಾರಿಯಲ್ಲಿ, ಸ್ಥಿತಿ ತಿಳಿಸುವ ಸಂದೇಶ ಇನ್ನೊಂದು ದಾರಿಯಲ್ಲಿ. ಎರಡೂ ಬೆರೆಯಬಾರದು. ನಲವತ್ತು ವರ್ಷ ನಾನು ಮಾಡಿದ್ದು ಇದನ್ನೇ.” ಮಾಸ್ಕಿನೊಳಗೆ ನಕ್ಕರೋ ಏನೋ, ಕಣ್ಣು ಸಣ್ಣಗಾದವು. “ನಿಮ್ಮ ಅತ್ತೆಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಹತ್ತು ದಿನ ಕೊಡುತ್ತೇನೆ. ಪ್ರತಿ ನಂಬರಿಗೂ ಹೊಸದಾಗಿ ಫೋನ್ ಮಾಡಬೇಕು, ಅವರ ಬಾಯಲ್ಲೇ ನಂಬರ್ ಹೇಳಿಸಿ ತಾಳೆ ನೋಡಬೇಕು. ತಾಳೆಯಾಗದ ಮನೆ ಪಟ್ಟಿಗಿಲ್ಲ. ನನ್ನ ಹತ್ತಿರ ಅಳಬೇಡಿ.”

ವಾಪಸು ಬರುವಾಗ ಅತ್ತೆಗೆ ಎಲ್ಲ ವಿವರಿಸಿದೆ. “ಒಳ್ಳೆ ಜನ. ಮೀಸೆ ಕಾಣ್ಲಿಲ್ಲ, ಆದ್ರೂ ನಿನ್ನ ಮಾವನ ಹಾಗೇ ಮುಖ ಗಂಟು,” ಎಂದರು.

ಆ ಹತ್ತು ದಿನ ಬೆಳಗ್ಗೆ ಐದಕ್ಕೇ ಮೇಜಿಗೆ ಕೂರುತ್ತಿದ್ದೆ. ಪಟ್ಟಿಯಲ್ಲಿ ತಾಳೆಯಾದ ಮನೆ ಹಸಿರು, ಬಾಕಿಯಿದ್ದದ್ದು ಹಳದಿ. ಹಳದಿ ದಿನಾ ಕರಗುತ್ತಿತ್ತು. ಎಲ್ಲರ ಬಳಿಯೂ ಸ್ವಂತ ಫೋನ್ ಇರಲಿಲ್ಲ. ಕೆಲವರು ಅಕ್ಕನ ಫೋನ್ ಕೊಟ್ಟರು, ಕೆಲವರು ನೆರೆಯವಳದ್ದು. ಆಕೆಯೂ ಒಪ್ಪಬೇಕು, ಅವಳಿಗೊಂದು ಕಾಲ್. ಅತ್ತೆ ಕಾಫಿ ತಂದಿಟ್ಟು ಪರದೆ ಇಣುಕಿ, “ಇವತ್ತು ಎಷ್ಟು ಪಚ್ಚೆ?” ಎಂದು ಕೇಳುವುದು ರೂಢಿಯಾಯಿತು.

ಒಂಬತ್ತನೆಯ ದಿನ ಉಳಿದ ಹಳದಿ ಸಾಲುಗಳಲ್ಲಿ ಕೋಳಿ ಸದ್ದಿನ ಮನೆಯದ್ದೂ ಒಂದು. ಫೋನ್ ಸ್ವಿಚ್ ಆಫ್. ಊರಿನಲ್ಲಿ ಕರೆಂಟಿಲ್ಲ, ಸಂತೆಯೂರಿಗೆ ಹೋದಾಗಲಷ್ಟೇ ಚಾರ್ಜ್ ಮಾಡಿಸುವುದು. ಮೂರು ಸಲ ಪ್ರಯತ್ನ ಮಾಡಿ ಸಿಗದಿದ್ದರೆ ಬಿಡಬೇಕೆಂದು ನಾನೇ ನಿಯಮ ಮಾಡಿದ್ದೆ. ಮೂರೂ ಆಗಿತ್ತು. ಈ ಕೆಲಸದಲ್ಲಿ ಒಂದು ಮನೆಗೆಂದು ಮರುಗಬಾರದು, ಮರುಗಿದರೆ ಪಟ್ಟಿ ಮುಗಿಯುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುವವಳು ನಾನು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಎರಡು ಸಂದೇಶ ಕಳಿಸಿ ಎಂದು ಕಲಿಸಿಕೊಟ್ಟವಳೇ ಹೊರಗುಳಿಯುತ್ತಾಳಲ್ಲ ಎಂದು ಸಂಕಟವಾಯಿತು.

ಹತ್ತನೆಯ ಬೆಳಗ್ಗೆ ಸೂಪರ್‌ವೈಸರ್ ಕಾಲ್ ಮಾಡಿದರು. “ಮೇಡಂ, ಒಂದು ಅನುಮತಿ ಬೇಕಿತ್ತು. ಆ ಹಳ್ಳಿಗೆ ನಾನೇ ಹೋಗಿ ಬರಬಹುದೇ?”

ಕೊರೊನಾ ಕಾರಣಕ್ಕೆ ಯಾರೂ ಹಳ್ಳಿಗೆ ಹೋಗಕೂಡದೆಂಬ ಸೂಚನೆಗೂ ಸಹಿ ನನ್ನದೇ. ಏನು ಹೇಳಲಿ ಎಂದು ತಡವರಿಸುತ್ತಿದ್ದಾಗ ಅವರ ಹಿಂದೆ ಏನೋ ಕೇಳಿಸಿತು. ಕೊಕ್ಕೊಕ್ಕೋ.

“ನೀವು ಈಗ ಎಲ್ಲಿದ್ದೀರಿ?”

“ಅವರ ಅಂಗಳದಲ್ಲಿ,” ಎಂದರು ಸೂಪರ್‌ವೈಸರ್. “ಮಾಸ್ಕ್ ಹಾಕಿದ್ದೇನೆ, ದೂರ ನಿಂತಿದ್ದೇನೆ. ಸೈಕಲ್ ಟ್ಯಾಕ್ಸಿಯಲ್ಲಿ ಬಂದೆ. ಬರಬಹುದೇ ಮೇಡಂ?”

“ಹೋಗಿ ಬನ್ನಿ,” ಎಂದೆ. ನಗು, ಅಳು ಎರಡೂ ಬಂತು. ಅಲ್ಲೇ ಆಕೆ ತನ್ನ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಹೇಳಿದಳು. ನಾನು ಪರದೆಯಲ್ಲಿ ಬೆರಳಿಟ್ಟು ತಾಳೆ ನೋಡಿದೆ. ಫೋನನ್ನು ಸೂಪರ್‌ವೈಸರ್ ಪಟ್ಟಣಕ್ಕೆ ಒಯ್ದು ಚಾರ್ಜ್ ಮಾಡಿಸಿ ಅದೇ ಸೈಕಲ್ಲಿನವನ ಕೈಯಲ್ಲಿ ಕಳಿಸಿದರು. ಆ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ಆ ಸಾಲು ಹಸಿರಾಯಿತು. ಹಳದಿಯಾಗಿಯೇ ಉಳಿದವರೂ ಇದ್ದರು, ಎಲ್ಲ ಊರಿಗೂ ಸೈಕಲ್ಲು ಹೋಗಲಿಲ್ಲ. ಆ ಹೆಸರುಗಳನ್ನು ಇವತ್ತಿಗೂ ನಾನು ಮರೆತಿಲ್ಲ.

ನವೆಂಬರಿನ ಮೂರನೆಯ ವಾರ ಕೋಡುಗಳು ಹೋದವು. ಅಂಗಡಿಗಳಿಂದ ಬೀಜ ಎತ್ತಿದವರ ಹೆಸರು ಒಂದೊಂದಾಗಿ ಬರತೊಡಗಿತು. ಕೋಳಿ ಸದ್ದಿನ ಮನೆಯದ್ದು ಬಂದಿರಲಿಲ್ಲ. ಮೂರು ದಿನ, ಐದು ದಿನ. ಅಷ್ಟರಲ್ಲಿ ಆ ಭಾಗದಲ್ಲಿ ಮಳೆ ಬಿತ್ತು ಎಂಬ ಸುದ್ದಿ ಬಂತು. ಗಂಡನಿಗೆ ಹೋದ ಸುದ್ದಿಯೇ ಮುಳುವಾಯಿತೇ? ಅವನು ಬೇಡ ಅಂದನೇ? ಸಂದೇಶ ಅಳಿಸಿಹೋಯಿತೇ? ಕೋಡಿಗೆ ವಾರದ ಗಡುವಿತ್ತು, ಇನ್ನೆರಡು ದಿನ ಉಳಿದಿತ್ತು. ಒಂದು ಕಾಲ್ ಮಾಡಿಸಿ ನೋಡಿ ಎಂದು ಸೂಪರ್‌ವೈಸರ್‌ಗೆ ಹೇಳಿದೆ.

ಮಾರನೆಯ ಬೆಳಗ್ಗೆ ಅದರ ರೆಕಾರ್ಡಿಂಗ್ ಬಂತು. ಹನ್ನೊಂದು ಸೆಕೆಂಡು. ಪಕ್ಕದಲ್ಲಿ ಫೋನ್ ಮಾಡಿದ ಹುಡುಗಿ ನಿಯಮದಂತೆ ಗುರುತು ಹಾಕಿದ್ದಳು: ‘ಉತ್ತರಿಸಲು ನಿರಾಕರಣೆ.’ ಈ ಸಲ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಬಯಲಿನ ಗಾಳಿ, ಹೆಂಗಸರ ಮಾತು, ಮಣ್ಣಿಗೆ ಗುದ್ದಲಿ ಬೀಳುವ ಸದ್ದು. ಆ ದನಿ ಈಗ ಸಣ್ಣಗಿರಲಿಲ್ಲ. ಒಂದೇ ಉಸಿರಿನಲ್ಲಿ ಏನೋ ಹೇಳಿ ಫೋನ್ ಕಟ್ ಮಾಡಿದಳು. ಅನುವಾದ ನೋಡಿದೆ: ನೆರೆಯವರು ನನ್ನ ಕೋಡು ತೋರಿಸಿ ಬೀಜ ತಂದುಕೊಟ್ಟರು, ಹೊಲದಲ್ಲಿದ್ದೇನೆ, ಬಿತ್ತುತ್ತಾ ಇದ್ದೇವೆ, ಈಗ ನಿಮ್ಮ ಪ್ರಶ್ನೆಗೆ ಪುರುಸೊತ್ತಿಲ್ಲ. ಅಂಗಡಿಯವನ ಲೆಕ್ಕ ಸಂಜೆಯ ಹೊತ್ತಿಗೆ ಬಂತು, ಅದರಲ್ಲಿ ಅವಳ ಹೆಸರೂ ಇತ್ತು. ಅವನ ಊರಿನಲ್ಲಿ ನೆಟ್‌ವರ್ಕ್ ಇರಲಿಲ್ಲವಂತೆ.

ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಅತ್ತೆ ಗಾಬರಿಯಾದರು. “ಎಂತ ಆಯ್ತು? ಅವಳು ಎಂತ ಹೇಳಿದ್ಳು?”

ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಇನ್ನೊಮ್ಮೆ ಫೋನ್ ಮಾಡಿಸಿ ಎಲ್ಲ ಪ್ರಶ್ನೆ ಮುಗಿಸಿಬಿಡಲೇ ಅಂತ ಯೋಚಿಸ್ತಿದೀನಿ ಅತ್ತೆ, ಫಾರಂ ಅರ್ಧಕ್ಕೇ ನಿಂತಿದೆ ಎಂದೆ.

“ಮಾಡ್ಬೇಡ ಮಾರಾಯ್ತಿ,” ಎಂದರು ಅತ್ತೆ. “ಅವಳಿಗೆ ಕೆಲಸ ಉಂಟು.”